ಒಂದು ಕೈಗವಸಿಗೆ ಸಾಕಾಗುವಷ್ಟು ಕರೆಂಟು

ಸ್ಟ್ರಾತಿ
9 ನವೆಂಬರ್ 1986

ಮ್ಯಾಗ್ನಸ್,

ಕ್ರಿಸ್‌ಮಸ್ ಕಾರ್ಡಿಗೆ ಇನ್ನೂ ಆರು ವಾರ ಇರುವಾಗಲೇ ನನ್ನ ಅಕ್ಷರ ಕಂಡು ಯಾರೋ ಸತ್ತರು ಎಂದುಕೊಳ್ಳಬೇಡ. ಸತ್ತಿರುವುದು ನನ್ನ ಬೆರಳುಗಳು ಮಾತ್ರ. ಅವೂ ಪೂರ್ತಿಯಾಗಿ ಅಲ್ಲ, ಆಗಾಗ.

ಮೊನ್ನೆ ಮಂಗಳವಾರ ಟಂಗ್ ಊರಿನ ಸಭಾಭವನದ ಪಿಯಾನೊ ಶ್ರುತಿ ಮಾಡಲು ಹೋಗಿದ್ದೆ. ಇಪ್ಪತ್ತೆರಡು ಮೈಲಿ, ಎದುರುಗಾಳಿ. ತಲುಪಿ ಕೈಗವಸು ಬಿಚ್ಚಿದರೆ ಬೆರಳುಗಳು ಮೇಣದ ಬತ್ತಿಗಳ ಹಾಗೆ ಬೆಳ್ಳಗಿವೆ. ಪಿಯಾನೊದ ಮನೆ ಒತ್ತಿದರೆ ಒತ್ತಿದ್ದೇ ಗೊತ್ತಾಗುತ್ತಿಲ್ಲ. ಒಲೆಯ ಮುಂದೆ ಒಂದು ಗಂಟೆ ಕೂತೆ. ಭವನ ನೋಡಿಕೊಳ್ಳುವ ಮಿಸೆಸ್ ಮೆಕೈ ಮೂರನೆಯ ಸಲ ಚಹಾ ತಂದಾಗ ಕೇಳಿಯೇಬಿಟ್ಟಳು: "ಇಷ್‌ಬೆಲ್, ನೀನು ಪಿಯಾನೊ ರಿಪೇರಿಗೆ ಬಂದಿದ್ದೀಯೋ, ನೆಂಟರ ಮನೆಗೆ ಬಂದಿದ್ದೀಯೋ?"

ಡಾಕ್ಟರು ಚಳಿಗಾಲದಲ್ಲಿ ಬೈಕು ಬಿಡಬೇಕು, ಕಾರು ತಗೊಳ್ಳಬೇಕು ಅನ್ನುತ್ತಾರೆ. ಕಾರಿನ ಲೈಸೆನ್ಸ್ ಪರೀಕ್ಷೆಯಲ್ಲಿ ನಾನು ಮೂರು ಸಲ ಫೇಲಾದ ಕಥೆ ನಿನಗೆ ಗೊತ್ತು. ಮೂರನೆಯ ಸಲ ಪರೀಕ್ಷಕರೇ ಇಳಿದು ನಡೆದುಕೊಂಡು ಹೋದರು. ನನಗೆ ನನ್ನ ಮುದುಕಿ ಬೈಕು, ಅದರ ಪಕ್ಕದ ಸೈಡ್‌ಕಾರು, ಅದರಲ್ಲಿ ಸಾಮಾನಿನ ಪೆಟ್ಟಿಗೆ, ಇಷ್ಟೇ ಒಗ್ಗುವುದು.

ಈಗ ವಿಷಯಕ್ಕೆ ಬರುತ್ತೇನೆ. ಫೆಬ್ರವರಿ ಏಳಕ್ಕೆ ಟಂಗ್‌ನಲ್ಲಿ ಎಡಿನ್‌ಬರೋದಿಂದ ಬರುವ ಒಬ್ಬ ಹೆಂಗಸಿನ ಸಂಗೀತ ಕಛೇರಿ. ಪಿಯಾನೊ ನನ್ನ ಜವಾಬ್ದಾರಿ. ಶಿಕ್ಷಣ ಕಚೇರಿಯ ಮಿಸ್ ಫರ್ಕರ್ ಕೇಳಲು ಬರುತ್ತಾಳೆ. ಈ ಕರಾವಳಿಯ ಹನ್ನೊಂದು ಶಾಲೆಗಳ ಪಿಯಾನೊಗಳನ್ನು ಇನ್ನು ಮುಂದೆ ಇನ್ವರ್ನೆಸ್‌ನ ಒಬ್ಬನಿಗೆ ವಹಿಸೋಣ ಎಂದು ಅವಳಿಗೆ ಮನಸ್ಸಾಗಿದೆ. "ಆತನಿಗೆ ಕಾರಿದೆ" ಎಂದು ನನ್ನ ಮುಖಕ್ಕೇ ಹೇಳಿದಳು. ಆ ಹನ್ನೊಂದು ಹೋದರೆ ನನಗೆ ಉಳಿಯುವುದು ಎರಡು ಚರ್ಚು, ಒಂದು ಹೋಟೆಲು.

ಅದಕ್ಕೇ ಅಂಚೆಯಲ್ಲಿ ಕರೆಂಟಿನಿಂದ ಬಿಸಿಯಾಗುವ ಬಟ್ಟೆ ತರಿಸಿದ್ದೇನೆ. ತೋಳಿಲ್ಲದ ಒಂದು ಜಾಕೀಟು, ಒಂದು ಜೊತೆ ಕೈಗವಸು. ಬೈಕಿನ ಬ್ಯಾಟರಿಗೆ ಸೇರಿಸಬೇಕಂತೆ. ಕೆಂಪು ವೈರು, ಕಪ್ಪು ವೈರು, ಜರ್ಮನ್ ಭಾಷೆಯ ಸೂಚನೆ. ತಂತಿಯಲ್ಲಿ ಕೂದಲೆಳೆಯಷ್ಟು ಅಪಸ್ವರವಿದ್ದರೂ ನನಗೆ ಕೇಳುತ್ತದೆ, ಆದರೆ ಕರೆಂಟಿನ ತಲೆಬುಡ ಗೊತ್ತಿಲ್ಲ. ಅಣ್ಣ ಡಂಡೀಯಲ್ಲಿ ಲಾರಿ ಕಾರುಗಳ ವೈರಿಂಗ್ ಅಂಗಡಿ ಇಟ್ಟುಕೊಂಡಿರುವಾಗ ಇನ್ಯಾರನ್ನು ಕೇಳಲಿ?

ಅತ್ತಿಗೆ ರೋನಾಗೆ ನೆನಪು ಹೇಳು.

ಇಷ್‌ಬೆಲ್


ಡಂಡೀ
16 ನವೆಂಬರ್ 1986

ಇಷ್‌ಬೆಲ್,

ಏನನ್ನೂ ಎಲ್ಲಿಗೂ ಸೇರಿಸಬೇಡ. ಮೊದಲು ಇವಕ್ಕೆ ಉತ್ತರ ಬರೆ.

ಜಾಕೀಟಿನ ಒಳಗೆ ಹೊಲಿದ ಚೀಟಿಯಲ್ಲಿ ಎಷ್ಟು ವ್ಯಾಟ್ ಎಂದಿದೆ? ಕೈಗವಸಿಗೆ ಎಷ್ಟು? ಮುದುಕಿಯ ಬ್ಯಾಟರಿ ಎಷ್ಟು ಹಳೆಯದು? ಹಗಲಲ್ಲೂ ಹೆಡ್‌ಲೈಟು ಹಾಕಿಕೊಂಡು ಹೋಗುತ್ತೀಯಾ?

ಮತ್ತು ಯಾವ ಕೈ ಮೊದಲು ಮರಗಟ್ಟುತ್ತದೆ?

ರೋನಾ ನನ್ನ ಭುಜದ ಮೇಲಿಂದ ಓದುತ್ತಿದ್ದಾಳೆ. "ತಂಗಿಗೆ ಬರಿಯೋ ಕಾಗದಾನಾ ಇದು, ಪೊಲೀಸ್ ವಿಚಾರಣೇನಾ?" ಎನ್ನುತ್ತಾಳೆ. ನನಗೆ ಬೇರೆ ಥರ ಬರೆಯಲು ಬರುವುದಿಲ್ಲ, ನಿನಗೆ ಗೊತ್ತು. ನಿನ್ನ ಕಾಗದ ಬಂದದ್ದು ಒಳ್ಳೆಯದಾಯಿತು.

ಮ್ಯಾಗ್ನಸ್


ಸ್ಟ್ರಾತಿ
23 ನವೆಂಬರ್ 1986

ಪ್ರೀತಿಯ ವಿಚಾರಣಾಧಿಕಾರಿಗಳಿಗೆ,

ನಿನ್ನ ಕಾಗದ ಬರುವ ಹೊತ್ತಿಗೆ ಸೇರಿಸಿ ಆಗಿತ್ತು. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ, ನೇರ ಬ್ಯಾಟರಿಗೆ. ಎಷ್ಟು ಸುಲಭ ಎಂದು ಬೀಗಿದ್ದೆ.

ಮೊದಲ ಹತ್ತು ಮೈಲಿ ಸ್ವರ್ಗ! ಒಲೆಯಲ್ಲಿ ಉಬ್ಬುತ್ತಿರುವ ಬ್ರೆಡ್ಡಿನ ಹಾಗೆ ಇದ್ದೆ. ಬೆಟ್ಟಿಹಿಲ್ ಚರ್ಚಿನ ಮುಂದೆ ಇಳಿದು, ಜಾಕೀಟನ್ನು ಸೀಟಿನ ಮೇಲೆ ಹಾಸಿ, ವೈರು ತೆಗೆಯದೆ ಒಳಗೆ ಹೋದೆ. ವಾಪಸ್ ಬರುವಾಗ ಸೀಟು ಬೆಚ್ಚಗಿರಲಿ ಎಂಬ ದುರಾಸೆ. ಮೂರು ಗಂಟೆಯ ಮೇಲೆ ಬಂದರೆ ಸೀಟಿನ ಮೇಲೆ ಮೂರು ಬೆಕ್ಕುಗಳು ಸುಖವಾಗಿ ಮಲಗಿವೆ, ಬ್ಯಾಟರಿಯಲ್ಲಿ ಜೀವವಿಲ್ಲ. ಪಾದ್ರಿಗಳು, ಅವರ ಹೆಂಡತಿ, ಹೂ ಜೋಡಿಸಲು ಬಂದಿದ್ದ ಇಬ್ಬರು ಮುದುಕಿಯರು ಸೇರಿ ಇಳಿಜಾರಿನಲ್ಲಿ ತಳ್ಳಿದರು. ಎರಡನೆಯ ಸಲವೂ ಎಂಜಿನ್ನು ಹತ್ತದಿದ್ದಾಗ ಪಾದ್ರಿಗಳ ಬಾಯಿಂದ ಬಂದ ಮಾತನ್ನು ನಾನು ಕೇಳಿಸಿಕೊಳ್ಳಲಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಬ್ಯಾಟರಿಗೆ ಚಾರ್ಜು ಮಾಡಿಸಿ ಶುಕ್ರವಾರ ಮತ್ತೆ ಹೊರಟೆ. ಶಾಲೆಯ ಗೇಟಿನ ಎದುರು ಸುಟ್ಟ ರಬ್ಬರಿನ ವಾಸನೆ. ನೋಡಿದರೆ ನನ್ನ ಕೆಳಗಿಂದಲೇ ಹೊಗೆ! ವೈರು ಸೀಟಿನ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಬೆತ್ತಲಾಗಿತ್ತು. ಮೇಷ್ಟರು ಮರಳಿನ ಬಕೆಟ್ಟು ಹಿಡಿದು ಓಡಿಬಂದು, "ಏಳಮ್ಮಾ ಮೇಲೆ!" ಎಂದು ಕೂಗಿ, ನಾನು ಏಳುವ ಮೊದಲೇ ಸುರಿದರು. ಮಕ್ಕಳು ಕಿಟಕಿಗಳಿಂದ ಚಪ್ಪಾಳೆ ತಟ್ಟಿದರು. ಇಂದಿಗೂ ನನ್ನ ಕೋಟಿನ ಜೇಬುಗಳಲ್ಲಿ ಮರಳಿದೆ.

ಜಾಕೀಟು ಮೂವತ್ತಾರು ವ್ಯಾಟ್. ಕೈಗವಸು ಒಂದೊಂದಕ್ಕೆ ಹದಿಮೂರು. ಬ್ಯಾಟರಿಗೆ ಎರಡು ವರ್ಷ. ಹೆಡ್‌ಲೈಟು ಹಗಲಲ್ಲೂ ಬೇಕು. ಇಲ್ಲಿ ಈಗ ಹಗಲೆಂದರೆ ಒಂಬತ್ತರಿಂದ ಮೂರೂವರೆ, ಅದೂ ಮಬ್ಬು.

ಈಗ ಏನು ಮಾಡಲಿ?

ಇಷ್‌ಬೆಲ್


ಡಂಡೀ
27 ನವೆಂಬರ್ 1986

ಇಷ್‌ಬೆಲ್,

ಫ್ಯೂಸು! ಫ್ಯೂಸು ಎಲ್ಲಿ? ನಿನ್ನ ಕಾಗದವನ್ನು ನಾನು ಎದ್ದು ನಿಂತು ಓದಿದೆ. ಬ್ಯಾಟರಿಯ ಪಕ್ಕದಲ್ಲಿ ಪೆಟ್ರೋಲ್ ಟ್ಯಾಂಕು ಇದೆ ಎನ್ನುವುದು ನಿನಗೆ ನೆನಪಿದೆಯಾ? ರೋನಾ ಮಾತ್ರ ಬೆಕ್ಕುಗಳ ಭಾಗವನ್ನು ಎರಡು ಸಲ ಓದಿಸಿದಳು.

ಪಾರ್ಸೆಲ್ ಕಳಿಸಿದ್ದೇನೆ. ಅದರಲ್ಲಿ ಚಿತ್ರ ಬರೆದಿಟ್ಟಿದ್ದೇನೆ, ಅದರ ಹಾಗೇ ಮಾಡು. ಕೆಂಪು ವೈರು ಬ್ಯಾಟರಿಯಿಂದ ಹೊರಟು ಒಂದು ಗೇಣು ದಾಟುವ ಮೊದಲೇ ಫ್ಯೂಸು ಇರಬೇಕು. ಆಗ ವೈರು ಎಲ್ಲಿ ಉಜ್ಜಿಹೋದರೂ ಫ್ಯೂಸು ಸಾಯುತ್ತದೆ, ನೀನು ಬದುಕುತ್ತೀಯ. ಚೌಕ ಡಬ್ಬಿಯಂಥದ್ದು ರಿಲೇ. ಬೈಕಿನ ಬೀಗದ ಕೈ ತಿರುಗಿಸಿದಾಗ ಮಾತ್ರ ಅದು ಎಚ್ಚರವಾಗಿ ಜಾಕೀಟಿಗೆ ಕರೆಂಟು ಬಿಡುತ್ತದೆ. ಕೀ ತೆಗೆದರೆ ಅದೂ ಮಲಗುತ್ತದೆ. ಬೆಕ್ಕುಗಳು ಬೇರೆ ಜಾಗ ನೋಡಿಕೊಳ್ಳಲಿ. ಕೊನೆಯ ಪ್ಲಗ್ಗು ಸಡಿಲದ್ದೇ ಕಳಿಸಿದ್ದೇನೆ. ನೀನು ಮರೆತು ಇಳಿದು ನಡೆದರೂ ಅದು ತಾನಾಗಿ ಕಳಚಿಕೊಳ್ಳಬೇಕು. ನೀನು ಮರೆಯುತ್ತೀಯ.

ಮುಖ್ಯವಾದ ವಿಷಯ. ಮುದುಕಿ ಚೆನ್ನಾಗಿ ಓಡುವಾಗ ನೂರಹತ್ತು ವ್ಯಾಟ್ ಹುಟ್ಟಿಸುತ್ತಾಳೆ. ದೀಪಗಳು ಮತ್ತು ಎಂಜಿನ್ನಿನ ಕಿಡಿಗೆ ಅರವತ್ತು. ಉಳಿಯುವುದು ಐವತ್ತು. ಜಾಕೀಟನ್ನು ಬಿಡುವ ಹಾಗಿಲ್ಲ: ಎದೆ ತಣ್ಣಗಾದರೆ ದೇಹ ಕೈಗಳ ರಕ್ತವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಬೆರಳು ಬೆಳ್ಳಗಾಗುವುದು ಅದಕ್ಕೇ. ಜಾಕೀಟಿಗೆ ಮೂವತ್ತಾರು ಕೊಟ್ಟ ಮೇಲೆ ಒಂದು ಕೈಗವಸಿಗೆ ಮಾತ್ರ ಸಾಕಾಗುತ್ತದೆ. ಎರಡಕ್ಕೂ ಇಲ್ಲ.

ಆದ್ದರಿಂದ ಮತ್ತೆ ಕೇಳುತ್ತಿದ್ದೇನೆ. ಯಾವ ಕೈ?

ಮ್ಯಾಗ್ನಸ್


ಸ್ಟ್ರಾತಿ
7 ಡಿಸೆಂಬರ್ 1986

ಮ್ಯಾಗ್ನಸ್,

ಅಡಿಗೆಮನೆಯ ಮೇಜಿನ ಮುಂದೆ ಎರಡು ದಿನ ಕೂತು ಬೆಸುಗೆ ಹಾಕಿದೆ. ಪಕ್ಕದ ಮನೆಯ ಎಫೀ ಸಕ್ಕರೆ ಕೇಳಲು ಬಂದವಳು, "ಏನೇ ಇದು, ಬಾಂಬಾ?" ಎಂದು ಬಾಗಿಲಲ್ಲೇ ನಿಂತಳು. ಬೆಸುಗೆಯ ಒಂದು ಹನಿ ಓಟ್ಸ್ ಗಂಜಿಯ ಬಟ್ಟಲಿಗೆ ಬಿತ್ತು. ಅದು ಬಿಟ್ಟರೆ ಎಲ್ಲ ನಿನ್ನ ಚಿತ್ರದಂತೆಯೇ. ಕೀ ತಿರುಗಿಸಿದರೆ ರಿಲೇ ಟಕ್ಕೆಂದು ಸದ್ದು ಮಾಡುತ್ತದೆ. ಚೊಕ್ಕವಾದ ಸದ್ದು.

ನಿನ್ನೆ ಮೆಲ್‌ವಿಚ್‌ವರೆಗೆ ಹೋಗಿಬಂದೆ. ಇಳಿದು ಮರೆತು ನಡೆದೆ. ಕಳಚಿಕೊಂಡಿತು. ನೀನು ಹೇಳಿದ್ದು ಸರಿ ಎಂದು ಬರೆಯಲು ನನಗೆ ಎಷ್ಟು ಕಷ್ಟವಾಗುತ್ತಿದೆ ನೋಡು.

ಕೈಗಳು ಎರಡೂ ಒಂದೇ ಥರ. ಕರೆಂಟನ್ನು ಬಲಗೈ ಕೈಗವಸಿಗೆ ಹಾಕಿದ್ದೇನೆ.

ಇಷ್‌ಬೆಲ್


ಡಂಡೀ
14 ಡಿಸೆಂಬರ್ 1986

ಇಷ್‌ಬೆಲ್,

'ಎರಡೂ ಒಂದೇ ಥರ' ಎಂದು ಬರೆಯಲು ನಿನಗೆ ಇಷ್ಟು ದಿನ ಬೇಕಾಗಿರಲಿಲ್ಲ.

ಎಡಗೈ ತಾನೆ? ಆವತ್ತು ನಾನು ಬೆರಿಡೇಲ್ ತಿರುವಿನಲ್ಲಿ ಬೈಕು ಬೀಳಿಸಿದಾಗ ನಿನ್ನ ಮೈಯ ಕೆಳಗೆ ಸಿಕ್ಕಿದ ಕೈ. ಒದ್ದೆ ಎಲೆಗಳು ಕಂಡಿದ್ದವು. ಆದರೂ ವೇಗ ಇಳಿಸಲಿಲ್ಲ. ಹಿಂದೆ ಕೂತು ನೀನು ಹಾಡುತ್ತಿದ್ದೆ, ನನಗೆ ಅದು ನಿಲ್ಲುವುದು ಬೇಕಿರಲಿಲ್ಲ.

ಹಾಗಾಗಿ ಕೇಳಿದೆ.

ಮ್ಯಾಗ್ನಸ್


ಸ್ಟ್ರಾತಿ
18 ಜನವರಿ 1987

ಮ್ಯಾಗ್ನಸ್,

ಕ್ರಿಸ್‌ಮಸ್ ಕಾರ್ಡೂ ನಾನು ಕಳಿಸಲಿಲ್ಲ. ನಮ್ಮ ಪೋಸ್ಟ್‌ಮನ್ ರೋರಿಯ ಕಾಟ ತಡೆಯಲಾಗಲಿಲ್ಲ. ದಿನಾ ಬಾಗಿಲಿಗೆ ಬಂದು, "ಡಂಡೀಗೆ ಏನೂ ಇಲ್ವಾ? ಅಲ್ಲಿಂದ್ಲೂ ಇಲ್ಲ, ಇಲ್ಲಿಂದ್ಲೂ ಇಲ್ಲ. ಜಗಳಾನಾ?" ಎಂದು ಕೇಳುತ್ತಾನೆ. ಎರಡು ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಹೌದು, ಎಡಗೈ. ನಡುಬೆರಳಿನಿಂದ ಶುರುವಾಗುತ್ತದೆ. ಹೇಳಿದರೆ ನೀನು ಮತ್ತೆ ಬಿಲ ಸೇರುತ್ತೀಯ ಎಂದು ಹೇಳಲಿಲ್ಲ. ಈ ಸಲ ಫ್ಯೂಸು, ರಿಲೇ, ಬೈಗುಳ ಎಲ್ಲ ಸೇರಿ ನೀನು ಅರ್ಧ ದಾರಿಯಾದರೂ ಬಂದಿದ್ದೆ.

ನಿನಗೆ ಒಂದು ಮಾತು ಹೇಳಬೇಕು. ನನಗೆ ಸಿಟ್ಟು ಬಂದದ್ದು ಮಣಿಕಟ್ಟು ಮುರಿದದ್ದಕ್ಕಲ್ಲ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆ. ಬಾಗಿಲು ತೆರೆದಾಗಲೆಲ್ಲ ನೀನೆಂದು ನೋಡುತ್ತಿದ್ದೆ. ನೀನು ಬರಲಿಲ್ಲ. ನೀನು ಬೈಕು ಬಿಟ್ಟೆ, ಊರು ಬಿಟ್ಟೆ, ಇನ್ವರ್ನೆಸ್‌ನಿಂದ ಮೇಲಕ್ಕೆ ಕಾಲಿಡಲಿಲ್ಲ. ವರ್ಷಕ್ಕೊಂದು ಕಾರ್ಡು, ಅದರಲ್ಲಿ ಎರಡು ಪದ, ಅದರಲ್ಲೊಂದು ನಿನ್ನ ಹೆಸರು.

ಮಣಿಕಟ್ಟು ಆರು ವಾರದಲ್ಲಿ ಕೂಡಿಕೊಂಡಿತು ಮ್ಯಾಗ್ನಸ್. ನೀನು ಒಂಬತ್ತು ವರ್ಷವಾದರೂ ಕೂಡಿಕೊಳ್ಳಲಿಲ್ಲ.

ಅಷ್ಟೇ. ಹೇಳಿಯಾಯಿತು. ಈಗ ಕೆಟಲ್ ಇಡುತ್ತೇನೆ.

ಇಷ್‌ಬೆಲ್


ಡಂಡೀ
2 ಫೆಬ್ರವರಿ 1987

ಇಷ್‌ಬೆಲ್,

ಎಂಟನೆಯ ದಿನ ಆಸ್ಪತ್ರೆಗೆ ಬಂದಿದ್ದೆ. ಮೆಟ್ಟಿಲವರೆಗೆ. ಕೈಯಲ್ಲಿ ದ್ರಾಕ್ಷಿ ಇತ್ತು. ನಿನ್ನ ಕೋಣೆಯ ಕಿಟಕಿಯಲ್ಲಿ ನೀನು ಒಂದೇ ಕೈಯಲ್ಲಿ ತಲೆ ಬಾಚಿಕೊಳ್ಳಲು ಒದ್ದಾಡುವುದು ಕಂಡಿತು. ದ್ರಾಕ್ಷಿಯನ್ನು ಬಸ್ ನಿಲ್ದಾಣದ ಬೆಂಚಿನ ಮೇಲಿಟ್ಟು ಹೋದೆ.

ತಪ್ಪಾಯಿತು. ಬಿದ್ದದ್ದಕ್ಕೂ, ಹೋದದ್ದಕ್ಕೂ.

ಕರೆಂಟು ಎಡಗೈ ಕೈಗವಸಿಗೆ ಹಾಕು. ಶನಿವಾರ ಟಂಗ್‌ಗೆ ಹೊರಡುವ ಮೊದಲು ಫ್ಯೂಸು ನೋಡಿಕೋ. ಜೇಬಿನಲ್ಲಿ ಇನ್ನೆರಡು ಇಟ್ಟುಕೋ.

ನಿನ್ನ ಅಣ್ಣ
ಮ್ಯಾಗ್ನಸ್


ಸ್ಟ್ರಾತಿ
9 ಫೆಬ್ರವರಿ 1987

ಪ್ರೀತಿಯ ಮ್ಯಾಗ್ನಸ್,

ನಿನ್ನ ಕಾಗದ ನನಗೆ ಸಿಕ್ಕಿದ್ದು ಚರಂಡಿಯಲ್ಲಿ. ಕೂತುಕೊಂಡು ಓದು.

ಶನಿವಾರ ಬೆಳಕು ಹರಿಯುತ್ತಲೇ ಹೊರಟೆ. ಎಡಗೈಗೆ ಬಿಸಿ ಕೈಗವಸು ಹಾಕಿದ್ದೆ, ನಿನ್ನ ಕಾಗದ ಬರುವ ಮೊದಲೇ. ಬೆಟ್ಟಿಹಿಲ್ ದಾಟಿ ಬೋರ್ಗಿ ಇಳಿಜಾರಿಗೆ ಬಂದರೆ ಅಂಚೆ ವ್ಯಾನು ಹಿಮದಲ್ಲಿ ಜಾರಿ ಚರಂಡಿಗೆ ಮೂತಿ ಇಟ್ಟು ನಿಂತಿದೆ. ಪಕ್ಕದಲ್ಲಿ ರೋರಿ. ಚಕ್ರಕ್ಕೆ ಕಲ್ಲು ತರಲು ಹಳ್ಳಕ್ಕೆ ಇಳಿದು, ಮಂಜುಗಡ್ಡೆ ಒಡೆದು ಸೊಂಟದವರೆಗೆ ನೆನೆದುಬಿಟ್ಟಿದ್ದಾನೆ. ತುಟಿ ನೀಲಿ. ಆದರೂ ನನ್ನನ್ನು ಕಂಡದ್ದೇ ಚೀಲಕ್ಕೆ ಕೈ ಹಾಕಿದ.

"ನಿನ್ ಡಂಡೀ ಕಾಗದ. ನಿಮ್ಮನೆ ಹತ್ರ ಹಿಮ ಜಾಸ್ತಿ ಇತ್ತು, ವಾಪಸ್ ಬರ್ತಾ ಕೊಡೋಣ ಅಂತಿದ್ದೆ. ಈಗ್ಲೇ ತಗೊಂಬಿಡು. ನಾನ್ ಸತ್ಮೇಲೆ ರೋರಿ ಕಾಗದ ಕೊಡ್ಲಿಲ್ಲ ಅಂತ ಊರೆಲ್ಲ ಹೇಳ್ಬೇಡ."

"ಸಾಯೋದು ಆಮೇಲೆ. ಮೊದ್ಲು ಕೋಟು ಬಿಚ್ಚು."

"ಇಷ್‌ಬೆಲ್, ನನ್ ಹೆಂಡ್ತಿಗೆ ಏನ್ ಹೇಳ್ಲಿ?"

"ನಾನೇ ಹೇಳ್ತೀನಿ, ಬಿಚ್ಚು!"

ಸಾಮಾನಿನ ಪೆಟ್ಟಿಗೆಯನ್ನು ಅವನ ಕಾಲಡಿಗೆ ತಳ್ಳಿ, ಅವನನ್ನು ಸೈಡ್‌ಕಾರಿನಲ್ಲಿ ಕೂರಿಸಿ, ನನ್ನ ಜಾಕೀಟು ತೊಡಿಸಿದೆ. ವೈರು ಅಲ್ಲಿಗೆ ಸರಿಯಾಗಿ ಎಟುಕಿತು. ನೀನು ಉದ್ದ ಬಿಟ್ಟು ಕತ್ತರಿಸಿದ್ದೆ, ದೇವರು ನಿನಗೆ ಒಳ್ಳೆಯದು ಮಾಡಲಿ. ಮೇಲೆ ಟಾರ್ಪಾಲು, ಅದರ ಮೇಲೆ ಅಂಚೆ ಚೀಲ. ಎರಡು ಮೈಲಿ ಮಾತೇ ಇಲ್ಲ. ನನಗೆ ಹೆದರಿಕೆಯಾಯಿತು. ಮೂರನೆಯ ಮೈಲಿಗೆ ಟಾರ್ಪಾಲಿನ ಕೆಳಗಿಂದ ಧ್ವನಿ ಬಂತು: "ಇದು ಇನ್ನೊಂಚೂರು ಜಾಸ್ತಿ ಮಾಡಕ್ಕಾಗುತ್ತಾ?" ಆಗ ಗಟ್ಟಿಯಾಗಿ ನಕ್ಕುಬಿಟ್ಟೆ.

ಸಭಾಭವನದ ಮುಂದೆ ನಿಲ್ಲಿಸಿದಾಗ ನರ್ಸು ಓಡಿಬಂದಳು. ರೋರಿ ಇಳಿಯಲೊಲ್ಲ. "ಕೀ ತೆಗೀಬೇಡ, ಐದು ನಿಮಿಷ, ಐದೇ ನಿಮಿಷ!" ಎಂದು ಗೋಗರೆದ. ಈಗ ಚೆನ್ನಾಗಿದ್ದಾನೆ. ಬರಿ ನೆಗಡಿ.

ನನ್ನ ಎದೆ ಮರಗಟ್ಟಿತ್ತು, ಬಲಗೈ ಮರದ ತುಂಡಾಗಿತ್ತು. ಆದರೆ ಬಿಸಿ ಕೈಗವಸು ನನ್ನಲ್ಲೇ ಇತ್ತು, ಎಡಗೈ ಬದುಕಿತ್ತು. ಒಲೆಯ ಮುಂದೆ ಕೂತು ನಿನ್ನ ಕಾಗದ ಓದಿದೆ. ಎರಡು ಸಲ. ಮಿಸೆಸ್ ಮೆಕೈ ಚಹಾ ತಂದವಳು ನನ್ನ ಮುಖ ನೋಡಿ, ಬಿಸ್ಕತ್ತಿನ ಡಬ್ಬಿಯನ್ನೇ ಇಟ್ಟು ಹೋದಳು. ಆಮೇಲೆ ಎಡಗೈಯಿಂದ ಮನೆ ಒತ್ತುತ್ತಾ, ಬಲ ಮುಷ್ಟಿಯಲ್ಲಿ ಶ್ರುತಿಯ ಕೀಲಿ ಹಿಡಿದು ಭುಜದಿಂದಲೇ ತಿರುಗಿಸುತ್ತಾ ಎಂಬತ್ತೆಂಟು ಮನೆಗಳನ್ನೂ ಮುಗಿಸಿದೆ. ಕಛೇರಿ ಎರಡು ಗಂಟೆಗೆ, ನಾನು ಮುಚ್ಚಳ ಹಾಕಿದ್ದು ಎರಡಕ್ಕೆ ಹತ್ತು ನಿಮಿಷ ಇರುವಾಗ.

ಎಡಿನ್‌ಬರೋದವಳು ನುಡಿಸಿದಳು. ಎರಡನೆಯ ಕೃತಿಯ ನಡುವೆ ಒಂದು ಕಡೆ ಬರಿ ಒಂದು ಸ್ವರ, ತುಂಬ ಮೆಲ್ಲಗೆ, ಅದು ಸಾಯುವವರೆಗೂ ಅವಳು ಕಾದಳು. ಆ ಸ್ವರ ನಾನು ಕೂಡಿಸಿದ ಹಾಗೇ ಇತ್ತು.

ಮಿಸ್ ಫರ್ಕರ್ ಆಮೇಲೆ ಬಳಿಗೆ ಬಂದು ಕೆಮ್ಮಿದಳು. ಇನ್ವರ್ನೆಸ್‌ನ ಮನುಷ್ಯನೂ ಆವತ್ತು ಬರಬೇಕಿತ್ತಂತೆ. ಲೇರ್ಗ್‌ನ ಬಳಿ ಹಿಮ ಕಂಡು ಕಾರು ತಿರುಗಿಸಿಕೊಂಡು ಹೋದನಂತೆ. "ಹನ್ನೊಂದು ಶಾಲೇನೂ ನೀವೇ ಇಟ್ಕೊಳ್ಳಿ" ಎಂದಳು. ಆಮೇಲೆ ದನಿ ತಗ್ಗಿಸಿ, "ಆ ಜಾಕೀಟು ಎಲ್ಲಿ ಸಿಗುತ್ತೆ?" ಎಂದಳು.

ಅವಳೊಬ್ಬಳೇ ಅಲ್ಲ. ರೋರಿ ಮನೆಮನೆಗೆ ಕಾಗದದ ಜೊತೆ ಈ ಕಥೆಯನ್ನೂ ಹಂಚುತ್ತಿದ್ದಾನೆ. ಈಗ ಅವನಿಗೆ ಬೇಕು, ಪಾದ್ರಿಗಳಿಗೆ ಬೇಕು, ಆಲ್ಟ್‌ನಹಾರಾದ ದನದ ಡಾಕ್ಟರಿಗೆ ಬೇಕು. ಎಫೀಗೆ ಬೈಕೂ ಇಲ್ಲ, ಕಾರೂ ಇಲ್ಲ, ಚರ್ಚಿನ ಬೆಂಚಿನಲ್ಲಿ ಕೂರಲು ಬೇಕಂತೆ. ಒಟ್ಟು ಒಂಬತ್ತು ಜನ. ನಾನು ಪಿಯಾನೊ ಶ್ರುತಿ ಮಾಡುವವಳು. ಇವರನ್ನೆಲ್ಲ ನಾನು ವೈರಿಂಗ್ ಮಾಡಿದರೆ ಊರಿಗೆ ಊರೇ ಹೊಗೆಯಾಡುತ್ತದೆ.

ನೀನು ಬರಬೇಕು. ಮೆಟ್ಟಿಲವರೆಗಲ್ಲ. ಒಳಕ್ಕೆ.

ನಿನ್ನ ತಂಗಿ
ಇಷ್‌ಬೆಲ್


ಡಂಡೀ
3 ಮಾರ್ಚ್ 1987

ಇಷ್‌ಬೆಲ್,

ಹತ್ತೊಂಬತ್ತರ ಗುರುವಾರದ ರೈಲು. ಸಾಮಾನು ಜಾಸ್ತಿ ಇದೆ, ಸ್ಟೇಷನ್ನಿಗೆ ಯಾರಾದರೂ ವ್ಯಾನು ತರಲಿ. ಎಫೀಗೆ ಹೇಳು, ಚರ್ಚಿನ ಬೆಂಚಿಗೆ ಟ್ರ್ಯಾಕ್ಟರ್ ಬ್ಯಾಟರಿ ಬೇಕಾಗುತ್ತದೆ.

ಮ್ಯಾಗ್ನಸ್


ಸ್ಟ್ರಾತಿ
26 ಮಾರ್ಚ್ 1987

ಪ್ರೀತಿಯ ರೋನಾ,

ಶನಿವಾರದ ರೈಲಿನಲ್ಲಿ ನಿನ್ನ ಗಂಡನಿಗಾಗಿ ಕಾಯಬೇಡ. ಇನ್ನೊಂದು ವಾರ ನಮ್ಮಲ್ಲೇ ಇರುತ್ತಾನೆ. ಅಂಗಡಿಗೆ ಬೀಗ ಹಾಕು, ಆಗುವುದಾದರೆ ನೀನೂ ಬಾ.

ಬಂದ ದಿನ ಬಾಗಿಲಲ್ಲೇ ಸಾಮಾನು ಕೆಳಗಿಟ್ಟ. "ಕೈ ತೋರ್ಸು" ಎಂದ. ತೋರಿಸಿದೆ. ಒಂದೊಂದೇ ಬೆರಳನ್ನು ಮಡಿಸಿ ನೋಡಿದ, ಸ್ವಿಚ್ಚು ಪರೀಕ್ಷೆ ಮಾಡುವ ಹಾಗೆ. "ಸರಿಯಾಗಿದೆ" ಎಂದ. "ನಿನ್ನ ಬೆಸುಗೆ ಮಾತ್ರ ಹಕ್ಕಿ ಹಿಕ್ಕೆ ಇದ್ದ ಹಾಗಿದೆ" ಎಂದ. ಅಲ್ಲಿಂದ ಬಾಯಿ ಮುಚ್ಚಿಲ್ಲ.

ಆರು ದಿನದಲ್ಲಿ ಎಂಟು ಜನರ ಕೆಲಸ ಮುಗಿಸಿದ. ಅಡಿಗೆಮನೆಯಲ್ಲಿ ದಿನವೂ ಜಾತ್ರೆ. ಒಬ್ಬರಿಗೆ ಅಳತೆ ತೆಗೆಯುವಾಗ ಇನ್ನೊಬ್ಬರು ಚಹಾ ಮಾಡುತ್ತಾರೆ. ಆದರೆ ನನ್ನ ಮುದುಕಿ ಬೈಕಿನ ಹತ್ತಿರ ಮಾತ್ರ ಸುಳಿಯಲಿಲ್ಲ. ಎಲ್ಲಿಗಾದರೂ ರೋರಿಯ ವ್ಯಾನಿನಲ್ಲೇ ಹೋಗುತ್ತಿದ್ದ.

ಇವತ್ತು ಬೆಳಿಗ್ಗೆ ಉಳಿದಿದ್ದು ದನದ ಡಾಕ್ಟರೊಬ್ಬರೇ. ರೋರಿ ಆ ಕಡೆ ಹೋಗುವವನಲ್ಲ, ನನಗೆ ಇಲ್ಲೇ ಊರಿನ ಶಾಲೆಯಲ್ಲಿ ಕೆಲಸವಿತ್ತು. "ನಾಳೆ ಹೋದ್ರಾಯ್ತು ಬಿಡು" ಎಂದೆ. ಅವನು ಎದ್ದು ಬೈಕು ನಿಲ್ಲಿಸಿದ ಕೊಟ್ಟಿಗೆಗೆ ಹೋದ. ಅರ್ಧ ಗಂಟೆ ಹೊರಗೆ ಬರಲಿಲ್ಲ. ಆಮೇಲೆ ಬಾಗಿಲಲ್ಲಿ ತಲೆ ಹಾಕಿ, ಬೇರೆಲ್ಲೋ ನೋಡುತ್ತಾ, "ಆ ಜಾಕೀಟು ಎಲ್ಲಿದೆ?" ಎಂದ.

ತಂದುಕೊಟ್ಟೆ. ಗುಂಡಿಗಳನ್ನು ತಪ್ಪಾಗಿ ಹಾಕಿಕೊಂಡು, ಬಿಚ್ಚಿ, ಮತ್ತೆ ಹಾಕಿಕೊಂಡ. ನೋಡದವಳ ಹಾಗೆ ಪ್ಲಗ್ಗು ಸಿಕ್ಕಿಸಿದೆ. "ಬೆಚ್ಚಗಾಯ್ತಾ?" ಎಂದೆ. "ಸುಮ್ನಿರು" ಎಂದ.

ಹೊರಟ. ನಾನು ಬಾಗಿಲಲ್ಲೇ ನಿಂತೆ. ಗುಡ್ಡ ಅಡ್ಡ ಇರುವುದರಿಂದ ರಸ್ತೆ ಕಾಣುವುದಿಲ್ಲ, ಕಿವಿಯೇ ಗತಿ. ಮೊದಲ ಗೇರಿನಲ್ಲೇ ತುಂಬ ದೂರ ಎಳೆದ, ಎಂಜಿನ್ನು ಗೊಣಗಿತು. ಆಮೇಲೆ ಎರಡನೆಯದು. ತಿರುವಿನ ಹತ್ತಿರ ಸದ್ದು ಇಳಿಯಿತು, ಇನ್ನೂ ಇಳಿಯಿತು, ನಿಂತೇಹೋಯಿತು ಎನ್ನುವಷ್ಟು ಇಳಿಯಿತು. ಆಗ ಏರಿತು ನೋಡು! ಮೂರನೆಯದು. ನಾಲ್ಕನೆಯದು. ಸಮುದ್ರದ ಪಕ್ಕದ ನೇರ ರಸ್ತೆಯಲ್ಲಿ ಒಂದೇ ಶ್ರುತಿಯಲ್ಲಿ ಓಡಿತು, ಎಲ್ಲೂ ತಡವರಿಸಲಿಲ್ಲ.

ಆಮೇಲೆ ಹಾರ್ನ್ ಕೇಳಿಸಿತು. ಒಂದಲ್ಲ, ಮೂರು ಸಲ. ಆ ರಸ್ತೆಯಲ್ಲಿ ಹಾರ್ನ್ ಹೊಡೆಯಲು ಒಂದು ಕುರಿಯೂ ಇರಲಿಲ್ಲ, ರೋನಾ.

ನಿನ್ನ
ಇಷ್‌ಬೆಲ್